ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಯಿಂದ ಸುತ್ತುಧ್ವನಿ: ಆಲಿಸುವಿಕೆಯ ತರಗತಿಗೆ ಒಂದು ಸಿದ್ಧತೆ

ಭಾಷೆಯ ನಾಲ್ಕು ಕೌಶಲಗಳಲ್ಲಿ ಆಲಿಸುವಿಕೆ ಮೊದಲನೆಯದು. ಪಠ್ಯಕ್ರಮಗಳೆಲ್ಲವೂ ಇದನ್ನು ಒಪ್ಪುತ್ತವೆ. ಆದರೂ ತರಗತಿಯ ಸಿದ್ಧತೆಯಲ್ಲಿ ಅದಕ್ಕೆ ದೊರೆಯುವ ಪಾಲು ಅತ್ಯಲ್ಪ. ಓದುವುದಕ್ಕೆ ಪುಸ್ತಕವಿದೆ, ಬರೆಯುವುದಕ್ಕೆ ಹಲಗೆಯೂ ಟಿಪ್ಪಣಿಪುಸ್ತಕವೂ ಇವೆ, ಆಲಿಸುವುದಕ್ಕೆ ಮಾತ್ರ ಶಿಕ್ಷಕರ ಕಂಠವೊಂದೇ ಆಧಾರ. ಕರ್ನಾಟಕದ ಗಡಿಯಾಚೆಗಿನ ಕನ್ನಡ ಶಾಲೆಗಳಲ್ಲಿ ಈ ಕೊರತೆ ಹೆಚ್ಚು ಬಾಧಿಸುತ್ತದೆ. ಕಾಸರಗೋಡಿನ ಮಗು ಮನೆಯಲ್ಲಿ ತುಳು, ಕೊಂಕಣಿ ಅಥವಾ ಹವ್ಯಕ ಕನ್ನಡವನ್ನಾಡಿ ಪೇಟೆಯಲ್ಲಿ ಮಲಯಾಳವನ್ನು ಕೇಳುತ್ತದೆ; ಅಕ್ಕಲಕೋಟೆ, ಜತ್ತ ಸೀಮೆಯ ಮಗುವಿಗೆ ಮನೆಯ ಕನ್ನಡದೊಡನೆ ಸಂತೆಯ ಮರಾಠಿ; ಆದೋನಿ, ಮಡಕಶಿರಾದ ಮಗುವಿಗೆ ತೆಲುಗು; ತಾಳವಾಡಿಯ ಮಗುವಿಗೆ ತಮಿಳು. ಪಠ್ಯಪುಸ್ತಕದ ಕನ್ನಡವನ್ನು ಆಡಿ ತೋರಿಸುವ ಎರಡನೆಯ ಕಂಠವು ಅನೇಕ ಊರುಗಳಲ್ಲಿ ಲ್ಯಾಪ್‌ಟಾಪಿನ ಮೂಲಕವೇ ಬರಬೇಕಾಗಿದೆ.

ಲ್ಯಾಪ್‌ಟಾಪುಗಳೇನೋ ಬಂದಿವೆ. ಕೇರಳದಲ್ಲಿ ಕೈಟ್ ಸಂಸ್ಥೆಯು ನಡೆಸಿದ ಹೈಟೆಕ್ ಶಾಲಾ ಯೋಜನೆಯಡಿ 8ರಿಂದ 12ನೆಯ ತರಗತಿಯವರೆಗಿನ 45,000 ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್‌ಗಳನ್ನು ಒದಗಿಸಲಾಯಿತು. ಬೇರೆಡೆ ಸರ್ಕಾರದ ಯೋಜನೆಗಳಿಂದಲೋ ಹಳೆಯ ವಿದ್ಯಾರ್ಥಿಗಳ ಕೊಡುಗೆಯಿಂದಲೋ ದೊಡ್ಡ ಟಿ.ವಿ.ಗಳು, ಕೆಲವೊಮ್ಮೆ ಐದಾರು ಸ್ಪೀಕರುಗಳ ಹೋಮ್ ಥಿಯೇಟರ್‌ಗಳು ಶಾಲೆಯ ಸಭಾಂಗಣವನ್ನು ಸೇರಿವೆ. ಚಿತ್ರವನ್ನು ಗೋಡೆಯ ಮೇಲೆ ಮೂಡಿಸುವುದು ಶಿಕ್ಷಕರಿಗೆ ಕರಗತವಾಗಿದೆ. ಧ್ವನಿಯ ವಿಷಯದಲ್ಲಿ ಮಾತ್ರ 'ಸದ್ದು ಬಂದರೆ ಸಾಕು' ಎಂಬ ಭಾವನೆ ಉಳಿದುಕೊಂಡಿದೆ. ಅದರ ಫಲವನ್ನು ಅನೇಕ ಶಾಲೆಗಳಲ್ಲಿ ಕಾಣಬಹುದು: ಚಲನಚಿತ್ರದ ಸಂಗೀತ ಕೋಣೆಯನ್ನು ತುಂಬುತ್ತದೆ, ಮಳೆ ಸುರಿಯುವ ಸದ್ದು ಕೇಳುತ್ತದೆ, ಪಾತ್ರಗಳು ತುಟಿಯಾಡಿಸುತ್ತವೆ, ಮಾತು ಮಾತ್ರ ಎಲ್ಲೋ ದೂರದ ಬಾವಿಯೊಳಗಿಂದ ಬಂದಂತಿರುತ್ತದೆ. ಶಿಕ್ಷಕರು ಧ್ವನಿಯನ್ನು ಏರಿಸುತ್ತಾರೆ. ಸಂಗೀತ ಇನ್ನಷ್ಟು ಅಬ್ಬರಿಸುತ್ತದೆ. ಉಪಕರಣ ಕೆಟ್ಟಿದೆಯೆಂದು ಬದಿಗಿಡುವ ಮೊದಲು, ಮಾತು ಯಾವ ವಾಹಿನಿಯಲ್ಲಿ ನೆಲೆಸಿದೆ, ಯಾವ ದಾರಿಯಲ್ಲಿ ಸ್ಪೀಕರನ್ನು ತಲುಪುತ್ತದೆ ಎಂಬುದನ್ನು ಅರಿಯುವುದು ಅಗತ್ಯ.

ಮಾತಿನ ವಾಹಿನಿ

ಒಂದೇ ವಾಹಿನಿಯ ಧ್ವನಿ ಮಾನೋ. ಎಡ ಬಲ ಎಂಬ ಎರಡು ವಾಹಿನಿಗಳದು ಸ್ಟೀರಿಯೋ. 5.1 ಎಂದು ಬರೆಯುವ ಸುತ್ತುಧ್ವನಿಯಲ್ಲಿ ಆರು ವಾಹಿನಿಗಳಿವೆ. ಮುಂದೆ ಎಡ, ಬಲ ಮತ್ತು ನಡು. ಕೇಳುಗರ ಇಕ್ಕೆಲಗಳಲ್ಲಿ ತುಸು ಹಿಂದಕ್ಕೆ ಎರಡು. ಚುಕ್ಕೆಯ ಬಳಿಕದ ಆ ಒಂದು, ಗುಡುಗು, ನಗಾರಿಗಳಂಥ ತೀರ ಕೆಳಸ್ಥಾಯಿಯ ಸದ್ದಿಗೆ ಮೀಸಲು. 7.1ರಲ್ಲಿ ಹಿಂಬದಿಗೆ ಇನ್ನೆರಡು ಸೇರುತ್ತವೆ.

ಭಾಷಾಶಿಕ್ಷಕರಿಗೆ ಇವುಗಳಲ್ಲಿ ಮುಖ್ಯವಾದುದು ನಡುವಿನದು. ಸುತ್ತುಧ್ವನಿಯಲ್ಲಿ ಸಿದ್ಧವಾದ ಚಲನಚಿತ್ರಗಳಲ್ಲಿ ಸಂಭಾಷಣೆಯ ಬಹುಪಾಲನ್ನು ನಡುವಾಹಿನಿಯಲ್ಲಿಯೇ ಇಡುತ್ತಾರೆ. ಚಿತ್ರಮಂದಿರದ ಎಡತುದಿಯಲ್ಲಿ ಕುಳಿತವನಿಗೂ ಬಲತುದಿಯಲ್ಲಿ ಕುಳಿತವನಿಗೂ ಮಾತು ತೆರೆಯ ಮೇಲಿನ ಮುಖದಿಂದಲೇ ಬಂದಂತೆ ಕೇಳಬೇಕೆಂಬುದು ಇದರ ಉದ್ದೇಶ. ಸಂಗೀತ ಎಡಬಲಗಳಿಗೆ ಹರಡುತ್ತದೆ. ಗಾಳಿ, ಮಳೆ, ಜನರ ಗದ್ದಲ ಸುತ್ತಲ ಸ್ಪೀಕರುಗಳಿಗೆ ಹೋಗುತ್ತವೆ. ಹೀಗಿರುವಾಗ ನಡುವಾಹಿನಿಯು ಸ್ಪೀಕರನ್ನು ತಲುಪದಿದ್ದರೆ ಚಿತ್ರದಲ್ಲಿ ಎಲ್ಲವೂ ಉಳಿದು ಕನ್ನಡವೊಂದೇ ಹೋಗಿಬಿಡುತ್ತದೆ.

ಎರಡೇ ಸ್ಪೀಕರುಗಳಿರುವಲ್ಲಿ ಸುತ್ತುಧ್ವನಿಯನ್ನು ಕೇಳಲಾಗದೆಂದು ಇದರ ಅರ್ಥವಲ್ಲ. ಲ್ಯಾಪ್‌ಟಾಪು ತನಗೆ ಎರಡೇ ಸ್ಪೀಕರುಗಳಿವೆಯೆಂದು ತಿಳಿದಿದ್ದರೆ, ಆರು ವಾಹಿನಿಗಳನ್ನೂ ಎರಡಕ್ಕೆ ಬೆರೆಸಿಕೊಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಆಗ ನಡುವಾಹಿನಿಯು 3 ಡೆಸಿಬೆಲ್‌ನಷ್ಟು ತಗ್ಗಿ ಎಡಕ್ಕೂ ಬಲಕ್ಕೂ ಸಮನಾಗಿ ಸೇರುತ್ತದೆ, ಮಾತು ಕಳೆಯುವುದಿಲ್ಲ. ಇದ್ದುದು ಎರಡು, ಲ್ಯಾಪ್‌ಟಾಪು ತಿಳಿದುದು ಆರು ಎಂದಾದಾಗಲೇ ತೊಂದರೆ.

ಒಂದೇ ಕೇಬಲ್ಲಿನಲ್ಲಿ ಚಿತ್ರವೂ ಧ್ವನಿಯೂ

ಎಚ್‌ಡಿಎಂಐ ಎಂಬ ಜೋಡಣೆಯ ಮೊದಲ ಆವೃತ್ತಿ 2002ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ವಿಜಿಎ ಕೇಬಲ್ಲು ಚಿತ್ರವನ್ನು ಮಾತ್ರ ಒಯ್ಯುತ್ತಿತ್ತು. ಧ್ವನಿಗೆ ಹೆಡ್‌ಫೋನ್ ಕಿಂಡಿಯಿಂದ ಬೇರೊಂದು ತಂತಿ ಬೇಕಿತ್ತು. 19 ಮೊನೆಗಳ ಎಚ್‌ಡಿಎಂಐ ಎರಡನ್ನೂ ಒಂದಾಗಿಸಿತು. ಸಂಕುಚಿಸದ ಧ್ವನಿಯ ಎಂಟು ವಾಹಿನಿಗಳನ್ನು ಒಯ್ಯುವ ಶಕ್ತಿ ಅದಕ್ಕೆ ಆರಂಭದಿಂದಲೇ ಇದೆ. ಆದುದರಿಂದ 5.1ಕ್ಕೆಂದು ದುಬಾರಿ ಕೇಬಲ್ಲು ಬೇಕೆಂಬ ಅಂಗಡಿಯವರ ಮಾತನ್ನು ನಂಬಬೇಕಾಗಿಲ್ಲ. ಎರಡು ಮೂರು ಮೀಟರಿನ ಸಾಧಾರಣ ಕೇಬಲ್ಲೇ ಸಾಲುತ್ತದೆ. ಛಾವಣಿಯ ಪ್ರೊಜೆಕ್ಟರಿಗೆ ಹತ್ತು ಹದಿನೈದು ಮೀಟರು ಎಳೆಯುವಾಗ ಮಾತ್ರ ಕೇಬಲ್ಲಿನ ಗುಣಮಟ್ಟವನ್ನು ನೋಡಬೇಕು.

ಈ ಕೇಬಲ್ಲಿನ ಎರಡು ಸ್ವಭಾವಗಳನ್ನು ತಿಳಿದಿದ್ದರೆ ಮುಂದಿನ ತೊಡಕುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಮೊದಲನೆಯದು, ಇಲ್ಲಿ ಧ್ವನಿಗೆ ಪ್ರತ್ಯೇಕ ತಂತಿಯಿಲ್ಲ. ಚಿತ್ರದ ಒಂದು ಸಾಲು ಮುಗಿದು ಇನ್ನೊಂದು ಸಾಲು ಆರಂಭವಾಗುವ ನಡುವಿನ ಬಿಡುವಿನಲ್ಲಿ, ಚಿತ್ರ ಸಾಗುವ ತಂತಿಗಳಲ್ಲಿಯೇ, ಧ್ವನಿಯ ತುಣುಕುಗಳು ಸಾಗುತ್ತವೆ. ಚಿತ್ರವಿಲ್ಲದಿದ್ದರೆ ಆ ಬಿಡುವೂ ಇಲ್ಲ. ಪ್ರೊಜೆಕ್ಟರನ್ನು ಆರಿಸಿ ಧ್ವನಿಯೊಂದನ್ನೇ ಕೇಳಿಸಹೊರಟ ಶಿಕ್ಷಕರಿಗೆ ಲ್ಯಾಪ್‌ಟಾಪಿನ ಪಟ್ಟಿಯಿಂದ ಎಚ್‌ಡಿಎಂಐ ಎಂಬ ಹೆಸರೇ ಮಾಯವಾದಂತೆ ಕಾಣುವುದು ಇದರಿಂದಾಗಿ.

ಎರಡನೆಯದು ಹೆಚ್ಚು ಮುಖ್ಯವಾದುದು. ಕೇಬಲ್ಲಿನ ಆಚೆ ತುದಿಯ ಉಪಕರಣವು ತಾನಾರು, ತನ್ನಿಂದ ಏನೇನು ಸಾಧ್ಯ ಎಂಬ ಒಂದು ಪರಿಚಯಪತ್ರವನ್ನು ಲ್ಯಾಪ್‌ಟಾಪಿಗೆ ಒಪ್ಪಿಸುತ್ತದೆ. 'ಈಡಿಐಡಿ' ಎಂಬುದು ಅದರ ಹೆಸರು. 'ಎರಡು ವಾಹಿನಿ ಸಾಕು' ಎಂದು ಪತ್ರದಲ್ಲಿದ್ದರೆ ಲ್ಯಾಪ್‌ಟಾಪು ಎರಡನ್ನೇ ಕಳುಹಿಸುತ್ತದೆ, 5.1ರ ಆಯ್ಕೆಯೇ ಕಾಣಿಸುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಎಷ್ಟು ಹುಡುಕಿದರೂ ಆಯ್ಕೆ ಸಿಗದೆ, ಡ್ರೈವರುಗಳನ್ನು ಮತ್ತೆ ಮತ್ತೆ ಅಳವಡಿಸಿ ದಣಿಯುವವರಿದ್ದಾರೆ. ದೋಷವಿರುವುದು ಲ್ಯಾಪ್‌ಟಾಪಿನಲ್ಲಲ್ಲ, ಅದು ಮಾತನಾಡುತ್ತಿರುವುದು ಯಾರೊಡನೆ ಎಂಬುದರಲ್ಲಿ.

ಜೋಡಣೆಯ ಕ್ರಮ

ಮೇಲಿನ ಮಾತಿನಿಂದಲೇ ಜೋಡಣೆಯ ಕ್ರಮ ನಿಶ್ಚಿತವಾಗುತ್ತದೆ. ಸಾಮಾನ್ಯವಾಗಿ ಶಾಲೆಗಳಲ್ಲಿ ಲ್ಯಾಪ್‌ಟಾಪನ್ನು ಟಿ.ವಿ.ಗೆ ಸಿಕ್ಕಿಸಿ, ಟಿ.ವಿ.ಯಿಂದ ಬೇರೊಂದು ತಂತಿಯ ಮೂಲಕ ಹೋಮ್ ಥಿಯೇಟರಿಗೆ ಧ್ವನಿಯನ್ನು ಒಯ್ಯುತ್ತಾರೆ. ಆಗ ಪರಿಚಯಪತ್ರ ಕೊಡುವುದು ಟಿ.ವಿ. ಅದರಲ್ಲಿರುವುದು ಎರಡೇ ಸ್ಪೀಕರಾದ್ದರಿಂದ ಅನೇಕ ವೇಳೆ ಅದು ಎರಡನ್ನೇ ಹೇಳುತ್ತದೆ. ಕ್ರಮವನ್ನು ಬದಲಿಸಬೇಕು: ಲ್ಯಾಪ್‌ಟಾಪಿನಿಂದ ಕೇಬಲ್ಲು ಮೊದಲು ಆಡಿಯೋ ವಿಡಿಯೋ ರಿಸೀವರಿನ 'ಇನ್' ಎಂದು ಬರೆದ ಕಿಂಡಿಗೆ, ರಿಸೀವರಿನ 'ಔಟ್' ಕಿಂಡಿಯಿಂದ ಇನ್ನೊಂದು ಕೇಬಲ್ಲು ಪ್ರೊಜೆಕ್ಟರಿಗೆ ಅಥವಾ ಟಿ.ವಿ.ಗೆ. ರಿಸೀವರು ಧ್ವನಿಯನ್ನು ತಾನಿಟ್ಟುಕೊಂಡು ಚಿತ್ರವನ್ನು ಮುಂದಕ್ಕೆ ಕಳುಹಿಸುತ್ತದೆ. ಮೊದಲು ಪ್ರೊಜೆಕ್ಟರು, ಬಳಿಕ ರಿಸೀವರು, ಕೊನೆಗೆ ಲ್ಯಾಪ್‌ಟಾಪು, ಈ ಅನುಕ್ರಮದಲ್ಲಿ ಚಾಲೂ ಮಾಡಿದರೆ ಪರಿಚಯಪತ್ರ ಸರಿಯಾದ ಕೈಯಿಂದಲೇ ಬರುತ್ತದೆ. ಸ್ಪೀಕರಿನ ತಂತಿಗಳನ್ನು ಮುಟ್ಟುವ ಮೊದಲು ರಿಸೀವರಿನ ವಿದ್ಯುತ್ತನ್ನು ತೆಗೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೊಡುಗೆಯಾಗಿ ಬಂದ ಉಪಕರಣಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಪೆಟ್ಟಿಗೆಯ ಮೇಲೆ 5.1 ಎಂದು ಅಚ್ಚಾಗಿರುವ ಅಗ್ಗದ ಸ್ಪೀಕರು ಗುಂಪುಗಳಲ್ಲಿ ಹಲವಕ್ಕೆ ಎಚ್‌ಡಿಎಂಐ ಕಿಂಡಿಯೇ ಇರುವುದಿಲ್ಲ. ಬ್ಲೂಟೂತ್, ಪೆನ್‌ಡ್ರೈವ್, ಎರಡು ಎಳೆಯ ಆಕ್ಸ್ ತಂತಿ ಇವಿಷ್ಟೇ ಅವುಗಳ ದ್ವಾರಗಳು. ಒಳಗೆ ಬರುವುದು ಸ್ಟೀರಿಯೋ. ಅದನ್ನೇ ಐದು ಪೆಟ್ಟಿಗೆಗಳಿಗೆ ಹಂಚುತ್ತವೆ. ಡಿವಿಡಿ ಆಟಗಾರನೊಡನೆ ಬಂದ ಹೋಮ್ ಥಿಯೇಟರುಗಳಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೂ ಹೆಚ್ಚಿನವುಗಳಲ್ಲಿ ಅದು ಹೊರಗೆ ಕಳುಹಿಸುವ ಕಿಂಡಿ. ಲ್ಯಾಪ್‌ಟಾಪಿನದೂ ಹೊರಗೆ ಕಳುಹಿಸುವುದೇ. ಕೊಡುವವರಿಬ್ಬರನ್ನು ಎದುರುಬದುರು ನಿಲ್ಲಿಸಿದರೆ ಕೊಳ್ಳುವವರಾರು? ಅಂಥ ಪೆಟ್ಟಿಗೆಯ ಹಿಂಬದಿಯಲ್ಲಿ 'ಆಪ್ಟಿಕಲ್ ಇನ್' ಎಂಬ ಸಣ್ಣ ಚೌಕ ಕಿಂಡಿಯಿದ್ದರೆ ದಾರಿಯುಂಟು. ಎಚ್‌ಡಿಎಂಐನಿಂದ ಧ್ವನಿಯನ್ನು ಬೇರ್ಪಡಿಸಿಕೊಡುವ 'ಆಡಿಯೋ ಎಕ್ಸ್‌ಟ್ರ್ಯಾಕ್ಟರ್' ಎಂಬ ಚಿಕ್ಕ ಸಾಧನವನ್ನು ನಡುವೆ ಇಟ್ಟು, ಅದರ ಸ್ವಿಚ್ಚನ್ನು 5.1ಕ್ಕೆ ತಿರುಗಿಸಬೇಕು. ಆಪ್ಟಿಕಲ್ ತಂತಿಯು ಸಂಕುಚಿಸದ ಧ್ವನಿಯಲ್ಲಿ ಎರಡು ವಾಹಿನಿಗಳನ್ನು ಮಾತ್ರ ಒಯ್ಯುತ್ತದೆ; ಆರನ್ನೂ ಒಯ್ಯಬೇಕಾದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಸಂಕುಚಿಸಿರಬೇಕು.

ಎಚ್‌ಡಿಎಂಐ ಕಿಂಡಿಯಿಲ್ಲದ ಹೊಸ ಲ್ಯಾಪ್‌ಟಾಪುಗಳಲ್ಲಿ ಯುಎಸ್‌ಬಿ ಸಿ ಕಿಂಡಿಗೆ ಪರಿವರ್ತಕವನ್ನು ಬಳಸಬಹುದು. ಆದರೆ ಎಲ್ಲ ಸಿ ಕಿಂಡಿಗಳೂ ಚಿತ್ರವನ್ನು ಕಳುಹಿಸುವುದಿಲ್ಲ. ಕೊಳ್ಳುವ ಮೊದಲು ಆ ಲ್ಯಾಪ್‌ಟಾಪಿನ ಕೈಪಿಡಿಯನ್ನು ನೋಡುವುದು ಲೇಸು.

ಲ್ಯಾಪ್‌ಟಾಪಿಗೆ ಹೇಳಬೇಕಾದುದು

ವಿಂಡೋಸ್ 10 ಮತ್ತು 11ರಲ್ಲಿ ಕಂಟ್ರೋಲ್ ಪ್ಯಾನೆಲ್‌ನ 'ಸೌಂಡ್' ಎಂಬ ಕಿಟಕಿಯನ್ನು ತೆರೆದರೆ 'ಪ್ಲೇಬ್ಯಾಕ್' ಹಾಳೆಯಲ್ಲಿ ಧ್ವನಿ ಹೊರಡುವ ದಾರಿಗಳ ಪಟ್ಟಿ ಕಾಣುತ್ತದೆ. ಲ್ಯಾಪ್‌ಟಾಪಿನದೇ ಸ್ಪೀಕರು ಒಂದು. ರಿಸೀವರಿನ ಅಥವಾ ಟಿ.ವಿ.ಯ ಹೆಸರಿನಡಿ 'ಇಂಟೆಲ್ ಡಿಸ್‌ಪ್ಲೇ ಆಡಿಯೋ' ಅಥವಾ 'ಎನ್‌ವಿಡಿಯಾ ಹೈ ಡೆಫಿನಿಷನ್ ಆಡಿಯೋ' ಎಂದಿರುವುದು ಇನ್ನೊಂದು. ಎರಡನೆಯದನ್ನು ಆರಿಸಿ 'ಸೆಟ್ ಡಿಫಾಲ್ಟ್' ಒತ್ತಬೇಕು. ಬಳಿಕ 'ಕಾನ್ಫಿಗರ್' ಒತ್ತಿದರೆ ಸ್ಟೀರಿಯೋ, 5.1, 7.1 ಮೊದಲಾದ ಆಯ್ಕೆಗಳು ಬರುತ್ತವೆ. 5.1ನ್ನು ಆರಿಸಿ 'ಟೆಸ್ಟ್' ಒತ್ತಿದಾಗ ಒಂದೊಂದು ಸ್ಪೀಕರೂ ಸರದಿಯಂತೆ ನುಡಿಯುತ್ತದೆ. ನಡುವಿನ ಚಿತ್ರ ಹೊಳೆದಾಗ ನಡುವಿನ ಸ್ಪೀಕರೇ ನುಡಿಯಿತೇ ಎಂಬುದನ್ನು ಕಿವಿಗೊಟ್ಟು ಕೇಳಬೇಕು. ಪಟ್ಟಿಯಲ್ಲಿ ಎಚ್‌ಡಿಎಂಐ ಹೆಸರೇ ಇಲ್ಲದಿದ್ದರೆ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿಯನ್ನೊತ್ತಿ, ನಿಷ್ಕ್ರಿಯ ಸಾಧನಗಳನ್ನೂ ತೋರಿಸುವಂತೆ ಗುರುತು ಹಾಕಬೇಕು. 'ಪ್ರಾಪರ್ಟೀಸ್'ನ 'ಅಡ್ವಾನ್ಸ್ಡ್' ಹಾಳೆಯಲ್ಲಿ 48,000 ಹರ್ಟ್ಜ್ ಎಂದಿರಲಿ. ಚಲನಚಿತ್ರಗಳ ಧ್ವನಿ ಸಾಮಾನ್ಯವಾಗಿ ಆ ದರದ್ದು.

ಕೇರಳದ ಶಾಲೆಗಳ ಲ್ಯಾಪ್‌ಟಾಪುಗಳಲ್ಲಿರುವುದು ಉಬುಂಟು ಆಧಾರಿತ ವ್ಯವಸ್ಥೆ. ಅಲ್ಲಿ 'ಸೆಟ್ಟಿಂಗ್ಸ್', 'ಸೌಂಡ್', 'ಔಟ್‌ಪುಟ್' ಎಂದು ಸಾಗಿ ಎಚ್‌ಡಿಎಂಐಯನ್ನು ಆರಿಸಿದ ಮೇಲೆ, ಅದರಡಿಯ 'ಕಾನ್ಫಿಗರೇಷನ್'ನಲ್ಲಿ 'ಡಿಜಿಟಲ್ ಸರೌಂಡ್ 5.1' ಎಂಬುದನ್ನು ಆಯ್ದುಕೊಳ್ಳಬೇಕು. ಈ ಸಾಲು ಕಾಣದಿದ್ದರೆ 'ಪಲ್ಸ್ ಆಡಿಯೋ ವಾಲ್ಯೂಮ್ ಕಂಟ್ರೋಲ್' ಎಂಬ ತಂತ್ರಾಂಶದ 'ಕಾನ್ಫಿಗರೇಷನ್' ಹಾಳೆಯಲ್ಲಿ ಪೂರ್ಣ ಪಟ್ಟಿ ಸಿಗುತ್ತದೆ.

ಇಷ್ಟಾದರೂ ಹೊರಡುವ ಧ್ವನಿಯಲ್ಲಿ ಆರು ವಾಹಿನಿಗಳಿರಬೇಕಷ್ಟೆ. ಬ್ರೌಸರಿನಲ್ಲಿ ನೋಡುವ ವೀಡಿಯೋಗಳು ಬಹುಮಟ್ಟಿಗೆ ಸ್ಟೀರಿಯೋ. ಡಿವಿಡಿಗಳಲ್ಲಿಯೂ ಹಲವು ಚಲನಚಿತ್ರ ಕಡತಗಳಲ್ಲಿಯೂ 5.1 ಇರುತ್ತದೆ. ವಿಎಲ್‌ಸಿ ಪ್ಲೇಯರಿನ ಆಡಿಯೋ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಧ್ವನಿಪಥಗಳಿದ್ದರೆ 5.1ರದನ್ನು ಆರಿಸಬೇಕು. ಆ ಪ್ಲೇಯರಿಗೆ ಎರಡು ದಾರಿಗಳಿವೆ. ಸಂಕುಚಿಸಿದ ಧ್ವನಿಯನ್ನು ತಾನೇ ಬಿಡಿಸಿ ಆರು ವಾಹಿನಿಗಳಾಗಿ ಕಳುಹಿಸುವುದು ಒಂದು. ಆಗ ರಿಸೀವರಿನ ಮುಖಫಲಕದಲ್ಲಿ 'ಮಲ್ಟಿ ಚಾನೆಲ್ ಪಿಸಿಎಂ' ಎಂಬಂತೆ ಬರಹ ಮೂಡುತ್ತದೆ. ಬಿಡಿಸದೆ ಗಂಟಾಗಿಯೇ ಸಾಗಿಸುವುದು ಇನ್ನೊಂದು. ಇದಕ್ಕೆ 'ಪಾಸ್‌ಥ್ರೂ' ಎಂದು ಹೆಸರು, ಫಲಕದಲ್ಲಿ 'ಡಾಲ್ಬಿ ಡಿಜಿಟಲ್' ಎಂದು ಕಾಣುತ್ತದೆ. ಪಾಸ್‌ಥ್ರೂವಿನಲ್ಲಿ ಲ್ಯಾಪ್‌ಟಾಪಿನ ಧ್ವನಿ ಏರಿಳಿತದ ಗುಂಡಿ ಕೆಲಸ ಮಾಡುವುದಿಲ್ಲ, ರಿಸೀವರಿನದನ್ನೇ ಬಳಸಬೇಕು. ತರಗತಿಗೆ ಮೊದಲನೆಯ ದಾರಿಯೇ ಅನುಕೂಲ. ಆಪ್ಟಿಕಲ್ ತಂತಿ ನಡುವೆ ಇದ್ದರೆ ಮಾತ್ರ ಎರಡನೆಯದು ಅನಿವಾರ್ಯ. ಪಾಸ್‌ಥ್ರೂವನ್ನು ಬಳಸಿದವರು ಪಾಠ ಮುಗಿದೊಡನೆ ಅದನ್ನು ಆರಿಸಿಡುವುದು ಸಹೋದ್ಯೋಗಿಗಳಿಗೆ ಉಪಕಾರ.

ಸ್ಟೀರಿಯೋ ಧ್ವನಿಗೂ ನಡುವಿನ ಸ್ಪೀಕರಿನಿಂದ ಪ್ರಯೋಜನವುಂಟು. ರಿಸೀವರುಗಳಲ್ಲಿ 'ಡಾಲ್ಬಿ ಪ್ರೊ ಲಾಜಿಕ್ 2' ಮುಂತಾದ ವಿಧಾನಗಳಿವೆ. ಎಡ ಬಲ ಎರಡರಲ್ಲಿಯೂ ಸಮನಾಗಿರುವ ಅಂಶವನ್ನು ಗುರುತಿಸಿ ಅವು ನಡುವಿಗೆ ತರುತ್ತವೆ. ಸಾಮಾನ್ಯವಾಗಿ ಆ ಸಮಾನ ಅಂಶವೇ ಮಾತು. 'ಬೇಡರ ಕಣ್ಣಪ್ಪ' (1954) ಮೊದಲಾದ ಹಳೆಯ ಚಿತ್ರಗಳು ಒಂದೇ ವಾಹಿನಿಯವು. ಈ ವಿಧಾನದಲ್ಲಿ ಅವುಗಳ ಧ್ವನಿಯೆಲ್ಲ ನಡುವಿನಿಂದಲೇ ಬರುತ್ತದೆ. ಅದನ್ನು ಕೊರತೆಯೆಂದು ಎಣಿಸಿ ಸುತ್ತಲ ಸ್ಪೀಕರುಗಳಿಗೂ ಹಂಚುವ 'ಹಾಲ್', 'ಸ್ಟೇಡಿಯಂ' ಎಂಬ ಅಲಂಕಾರಗಳನ್ನು ಆರಿಸಬಾರದು. ಅವು ಕೃತಕ ಅನುರಣನವನ್ನು ಸೇರಿಸಿ ಮಾತನ್ನು ಮಸುಕಾಗಿಸುತ್ತವೆ.

ಮಾತು ಕಳೆದುಹೋಗುವ ಎಡೆಗಳು

ಚಿತ್ರ ಬಂದು ಸದ್ದೇ ಇಲ್ಲದಿದ್ದರೆ ಕಾರಣ ಸರಳ. ಕೇಬಲ್ಲು ಸಿಕ್ಕಿಸಿದೊಡನೆ ಲ್ಯಾಪ್‌ಟಾಪು ಧ್ವನಿಯನ್ನೂ ಪ್ರೊಜೆಕ್ಟರಿಗೆ ಒಪ್ಪಿಸಿಬಿಡುತ್ತದೆ. ಪ್ರೊಜೆಕ್ಟರಿನಲ್ಲಿ ಸ್ಪೀಕರಿಲ್ಲ ಅಥವಾ ಇದ್ದುದು ಅಂಗೈಯಗಲದ್ದು. ಮೇಲಿನ ಪಟ್ಟಿಯಲ್ಲಿ ಸರಿಯಾದ ದಾರಿಯನ್ನು ಆರಿಸಿದರಾಯಿತು.

ಸದ್ದು ಬಂದು ಮಾತು ಬಾರದಿರುವುದೇ ಮೋಸದ ಸ್ಥಿತಿ, ಏಕೆಂದರೆ ಎಲ್ಲವೂ ಸರಿಯಿದೆಯೆಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ಕನ್ನಡವನ್ನು ಚೆನ್ನಾಗಿ ಬಲ್ಲ ಶಿಕ್ಷಕರು ಅರೆಬರೆ ಕೇಳಿದ ಮಾತನ್ನು ಮನಸ್ಸಿನಲ್ಲಿಯೇ ತುಂಬಿಕೊಳ್ಳುತ್ತಾರೆ. ಕಲಿಯುತ್ತಿರುವ ಮಗುವಿಗೆ ಆ ಸೌಲಭ್ಯವಿಲ್ಲ. ಶಿಕ್ಷಕರಿಗೆ 'ಸ್ವಲ್ಪ ಅಸ್ಪಷ್ಟ' ಎನಿಸಿದ ಧ್ವನಿ ಮಗುವಿಗೆ ಬರಿಯ ಗದ್ದಲ. ಮಗು ಉತ್ತರಿಸದಿದ್ದಾಗ ಅದಕ್ಕೆ ಕನ್ನಡ ಬಾರದೆಂಬ ತೀರ್ಮಾನಕ್ಕೆ ಬರುವ ಅಪಾಯ ಇಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಉಳಿಯಬೇಕೇ ಬೇಡವೇ ಎಂದು ಪೋಷಕರು ತೂಗಿನೋಡುತ್ತಿರುವ ಊರುಗಳಲ್ಲಿ ಇಂಥ ಒಂದು ತಪ್ಪು ತೀರ್ಮಾನವೂ ಹಗುರವಾದುದಲ್ಲ.

ಇದಕ್ಕೆ ಕಾರಣವಾಗುವ ಎಡೆಗಳು ಮುಖ್ಯವಾಗಿ ಮೂರು. ಲ್ಯಾಪ್‌ಟಾಪು 5.1ಕ್ಕೆ ಹೊಂದಿಕೊಂಡಿದ್ದು ಎದುರಿಗೆ ಎರಡೇ ಸ್ಪೀಕರುಗಳಿದ್ದರೆ ನಡುವಾಹಿನಿ ಇಲ್ಲದ ಸ್ಪೀಕರಿಗೆ ಹೋಗುತ್ತದೆ. 'ಕಾನ್ಫಿಗರ್'ನಲ್ಲಿ ಸ್ಟೀರಿಯೋ ಆರಿಸುವುದು ಪರಿಹಾರ. ರಿಸೀವರಿಗೆ ಆರು ಸ್ಪೀಕರುಗಳೆಂದು ತಿಳಿಸಿ ನಡುವಿನದರ ತಂತಿ ಕಳಚಿದ್ದರೂ ಫಲ ಅದೇ. ಇಲಿಗಳ ಕಾಟವಿರುವ ಸಭಾಂಗಣಗಳಲ್ಲಿ ಇದು ಅಪರೂಪವೇನಲ್ಲ. ಹೊಸ ತಂತಿ ಬರುವವರೆಗೆ ರಿಸೀವರಿನ ಸ್ಪೀಕರು ಪಟ್ಟಿಯಲ್ಲಿ ನಡುವಿನದನ್ನು 'ನನ್' ಎಂದು ಗುರುತಿಸಿದರೆ ಅದು ಮಾತನ್ನು ಎಡಬಲಗಳಿಗೆ ಹಂಚುತ್ತದೆ. ಮೂರನೆಯದು ಎಚ್‌ಡಿಎಂಐಗೆ ಸಂಬಂಧಿಸಿದ್ದಲ್ಲ, ಆದರೂ ಅದನ್ನು ಹೋಲುವುದರಿಂದ ಇಲ್ಲಿಯೇ ಹೇಳುವುದು ಲೇಸು: ಹೆಡ್‌ಫೋನ್ ಕಿಂಡಿಗೆ ಸಿಕ್ಕಿಸುವ ಪ್ಲಗ್ಗು ಅರ್ಧ ಮಾತ್ರ ಒಳಹೋಗಿದ್ದರೆ, ಅಥವಾ ಅದರ ನೆಲದ ಎಳೆ ಕಡಿದಿದ್ದರೆ, ಎಡಬಲಗಳ ವ್ಯತ್ಯಾಸವಷ್ಟೇ ಸ್ಪೀಕರಿಗೆ ಬರುತ್ತದೆ. ಎರಡರಲ್ಲಿಯೂ ಸಮನಾಗಿದ್ದ ಗಾಯಕರ ಕಂಠ ರದ್ದಾಗಿ ವಾದ್ಯಗಳು ಮಾತ್ರ ಉಳಿಯುತ್ತವೆ. ಪ್ಲಗ್ಗನ್ನು ಒಮ್ಮೆ ಒತ್ತಿ ನೋಡಿದರೆ ತಿಳಿಯುತ್ತದೆ.

ಕೋಣೆ

ನಡುವಿನ ಸ್ಪೀಕರನ್ನು ತೆರೆಯ ಕೆಳಗೆ ಅಥವಾ ಮೇಲೆ, ಸರಿನಡುವೆ ಇಟ್ಟು, ಕುಳಿತ ಮಕ್ಕಳ ಕಿವಿಯತ್ತ ಓರೆಮಾಡಬೇಕು. ಮೇಜಿನ ಖಾನೆಯೊಳಗೆ ತುರುಕಬಾರದು. ಎಡಬಲದವು ನಡುಸಾಲಿನ ಕೇಳುಗನಿಂದ ನೋಡಿದಾಗ ನಡುವಿನಿಂದ 30 ಡಿಗ್ರಿಗಳಷ್ಟು ಅತ್ತಿತ್ತ, ಸುತ್ತಲಿನವು 100ರಿಂದ 120 ಡಿಗ್ರಿಗಳಲ್ಲಿ ಇರಬೇಕೆಂಬುದು ಅಂತರರಾಷ್ಟ್ರೀಯ ಶಿಫಾರಸು. ನಲವತ್ತು ಮಕ್ಕಳ ತರಗತಿಯಲ್ಲಿ ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಸುತ್ತಲ ಸ್ಪೀಕರಿಗೆ ತಾಗಿ ಕುಳಿತ ಮಗುವಿಗೆ ಮಳೆಯ ಸದ್ದಿನ ಮುಂದೆ ಮಾತು ಕೇಳದು. ಆದುದರಿಂದ ಅವನ್ನು ತಲೆಗಿಂತ ಎತ್ತರದಲ್ಲಿಟ್ಟು, ರಿಸೀವರಿನಲ್ಲಿ ಅವುಗಳ ಮಟ್ಟವನ್ನು ತಗ್ಗಿಸಿ, ನಡುವಿನದರ ಮಟ್ಟವನ್ನು ಮಾತ್ರ 2ರಿಂದ 3 ಡೆಸಿಬೆಲ್ ಏರಿಸಬೇಕು. ಸ್ಟೀರಿಯೋದಲ್ಲಿ ಮಾತೂ ಸಂಗೀತವೂ ಬೆರೆತಿರುವುದರಿಂದ ಹೀಗೆ ಒಂದನ್ನೇ ಏರಿಸುವುದು ಸುಲಭವಲ್ಲ. ಗಡಿನಾಡಿನ ಭಾಷಾತರಗತಿಗೆ ಸುತ್ತುಧ್ವನಿ ಕೊಡುವ ನಿಜವಾದ ಲಾಭ ಇದೇ; ಬೆನ್ನ ಹಿಂದೆ ಕುದುರೆ ಓಡಿದಂತೆ ಕೇಳುವ ಸೊಗಸು ಬಂದರೆ ಬರಲಿ.

ಕನ್ನಡದ ವ್ಯಂಜನಗಳಲ್ಲಿ ಅರ್ಥವನ್ನು ಬೇರ್ಪಡಿಸುವ ಸುಳಿವುಗಳು ಕ್ಷೀಣವಾದವು. 'ಸ' ಮತ್ತು 'ಶ'ಗಳ ಉಸಿರು 2,000 ಹರ್ಟ್ಜ್‌ಗಿಂತ ಮೇಲಿನದು. 'ಹ' ಎಂಬುದಂತೂ ಗೋಡೆಗಳ ಅನುರಣನದಲ್ಲಿ ಸುಲಭವಾಗಿ ಕರಗಿಹೋಗುತ್ತದೆ. ಬರಿಗೋಡೆ, ಸಿಮೆಂಟು ನೆಲ, ತಗಡಿನ ಛಾವಣಿಯ ಸಭಾಂಗಣದಲ್ಲಿ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಅಮೆರಿಕದ ತರಗತಿ ಧ್ವನಿಮಾನಕವು ಸಾಧಾರಣ ಗಾತ್ರದ ಖಾಲಿ ಕೋಣೆಯಲ್ಲಿ ಅನುರಣನವು 0.6 ಸೆಕೆಂಡು ಮೀರಬಾರದು, ಹಿನ್ನೆಲೆಯ ಸದ್ದು 35 ಡೆಸಿಬೆಲ್ ದಾಟಬಾರದು ಎನ್ನುತ್ತದೆ. ಜಡಿಮಳೆಯ ಆಷಾಢದಲ್ಲಿ ಕಾಸರಗೋಡು, ವಯನಾಡಿನ ಶಾಲೆಗಳು ಈ ಅಳತೆಯ ಹತ್ತಿರ ಸುಳಿಯಲಾರವು. ಆದರೂ ಹಿಂಗೋಡೆಗೆ ಜಮಖಾನೆ ಅಥವಾ ದಪ್ಪ ಪರದೆ ತೂಗುಹಾಕುವುದು, ಮಕ್ಕಳನ್ನು ಸ್ಪೀಕರಿನ ಸಮೀಪಕ್ಕೆ ಕುಳ್ಳಿರಿಸುವುದು, ಧ್ವನಿಯನ್ನು ಏರಿಸುವ ಬದಲು ದೂರವನ್ನು ತಗ್ಗಿಸುವುದು, ಇವು ಎಲ್ಲ ಶಾಲೆಗಳಿಗೂ ಸಾಧ್ಯ. ಮಳೆ ಜೋರಾದ ದಿನ ಆಲಿಸುವ ಪಾಠವನ್ನು ಮುಂದೂಡುವುದೂ ಒಂದು ವಿವೇಕ.

ತುಟಿಗೂ ಮಾತಿಗೂ ಹೊಂದಿಕೆ ತಪ್ಪಿದ್ದರೆ ವಿಎಲ್‌ಸಿಯ 'ಟ್ರ್ಯಾಕ್ ಸಿಂಕ್ರನೈಸೇಷನ್'ನಲ್ಲಾಗಲಿ ರಿಸೀವರಿನ 'ಲಿಪ್ ಸಿಂಕ್'ನಲ್ಲಾಗಲಿ ಸರಿಪಡಿಸಬೇಕು. ಧ್ವನಿ ಮುಂದಾದರೆ 45 ಮಿಲಿಸೆಕೆಂಡು, ಹಿಂದಾದರೆ 125 ಮಿಲಿಸೆಕೆಂಡು ದಾಟಿದಾಗ ಕಣ್ಣಿಗೆ ಅದು ಗೋಚರಿಸತೊಡಗುತ್ತದೆಂದು ಒಕ್ಕೂಟದ ಮತ್ತೊಂದು ಶಿಫಾರಸು ಗುರುತಿಸಿದೆ. ಉಚ್ಚಾರಣೆಯನ್ನು ತುಟಿನೋಡಿ ಕಲಿಯುವ ಕೆಳತರಗತಿಗಳಲ್ಲಿ ಇದು ಅಲಕ್ಷಿಸತಕ್ಕ ಸಂಗತಿಯಲ್ಲ.

ಪಾಠದಲ್ಲಿ ಬಳಕೆ

ಸ್ಪೀಕರುಗಳ ಪರೀಕ್ಷೆಯನ್ನೇ ಪಾಠವನ್ನಾಗಿಸಬಹುದು. ಮೂರನೆಯ ತರಗತಿಯ ಮಕ್ಕಳು ಕಣ್ಣುಮುಚ್ಚಿ ಕುಳಿತು, ಸದ್ದು ಬಂದ ದಿಕ್ಕನ್ನು ಕನ್ನಡದಲ್ಲಿ ಹೇಳಲಿ: ಎಡ, ಬಲ, ನಡು, ಎಡಹಿಂದೆ, ಬಲಹಿಂದೆ. ನಗಾರಿಯಂಥ ಸದ್ದಿಗೆ ದಿಕ್ಕು ತಿಳಿಯದೆ ಅವರು ತಡವರಿಸುತ್ತಾರೆ. ಕೆಳಸ್ಥಾಯಿಯ ಧ್ವನಿಯ ದಿಕ್ಕನ್ನು ಕಿವಿ ಗುರುತಿಸಲಾರದೆಂಬ ವಿಜ್ಞಾನದ ಮಾತನ್ನು ಅಲ್ಲಿಯೇ ಹೇಳಿಬಿಡಬಹುದು.

ಮೇಲಿನ ತರಗತಿಗಳಲ್ಲಿ ಚಲನಚಿತ್ರದ ಎರಡು ನಿಮಿಷದ ಸನ್ನಿವೇಶವೊಂದನ್ನು ಮೂರು ಬಾರಿ ಕೇಳಿಸುವುದು ಉಪಯುಕ್ತ. ಮೊದಲ ಬಾರಿ ನಡುವಿನದೊಂದನ್ನೇ ಉಳಿಸಿ ಉಳಿದ ಸ್ಪೀಕರುಗಳ ಮಟ್ಟವನ್ನು ಪೂರ್ತಿ ತಗ್ಗಿಸಬೇಕು. ಸಂಗೀತದ ಒತ್ತಾಸೆಯಿಲ್ಲದ ಬರಿಯ ಮಾತು ಕೇಳುತ್ತದೆ. ಮಕ್ಕಳು ಕೇಳಿದುದನ್ನು ಬರೆಯಲಿ. ಎರಡನೆಯ ಬಾರಿ ನಡುವಿನದನ್ನು ಆರಿಸಿ ಉಳಿದವನ್ನು ಕೇಳಿಸಿದರೆ, ಸಂಗೀತವೂ ಪರಿಸರದ ಸದ್ದೂ ಮಾತ್ರ ಉಳಿಯುತ್ತವೆ. ಆ ಸನ್ನಿವೇಶದ ಭಾವವೇನೆಂದು ಚರ್ಚಿಸಬಹುದು. ಮೂರನೆಯ ಬಾರಿ ಎಲ್ಲವೂ ಒಟ್ಟಿಗೆ. ಬಲೆ ಬಳೆ, ಹುಲಿ ಹುಳಿ, ಮನೆ ಮಣೆ, ದನ ಧನ ಎಂಬಂಥ ಜೋಡಿಗಳನ್ನು ಮೊದಲ ಬಾರಿಯಲ್ಲಿ ಹಿಡಿದ ಮಗು ಮೂರನೆಯದರಲ್ಲಿಯೂ ಹಿಡಿದರೆ ಆಲಿಸುವಿಕೆ ಬಲಿಯುತ್ತಿದೆಯೆಂದು ತಿಳಿಯಬಹುದು. ಮೊದಲನೆಯದರಲ್ಲಿಯೂ ಹಿಡಿಯದಿದ್ದರೆ, ಅಂಕ ಕಳೆಯುವ ಮುನ್ನ ಆ ಮಗು ಕುಳಿತಲ್ಲಿ ಶಿಕ್ಷಕರು ಒಮ್ಮೆ ಕುಳಿತು ಕೇಳಬೇಕು.

ಚಿತ್ರಗಳ ಕನ್ನಡವೇ ಕನ್ನಡವೆಂಬ ಭಾವನೆ ಇದರಿಂದ ಬಾರದಂತೆ ನೋಡಿಕೊಳ್ಳುವುದೂ ಮುಖ್ಯ. ಸೊಲ್ಲಾಪುರ ಸೀಮೆಯ ಅಜ್ಜಿಯ ಕನ್ನಡ, ಹೊಸೂರಿನ ರೈತನ ಕನ್ನಡ, ನೀಲಗಿರಿಯ ಬಡಗರ ನುಡಿ ಇವೂ ಅದೇ ನಡುವಿನ ಸ್ಪೀಕರಿನಿಂದ ಬರಲಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡ ಹಿರಿಯರ ಕಥೆಯನ್ನು 'ಆಡಾಸಿಟಿ' ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಪಥವಾಗಿಟ್ಟು, ಬೇರೆಯಾಗಿ ಮುದ್ರಿಸಿದ ಕಣದ ಸದ್ದು, ಕಬ್ಬಿನ ಗಾಣ, ಸಂಜೆಯ ಹಕ್ಕಿಗಳನ್ನು ಇತರ ಪಥಗಳಾಗಿಡಬಹುದು. ಕಡತವನ್ನು ಹೊರತೆಗೆಯುವಾಗ ವಾಹಿನಿಗಳನ್ನು ಕೈಯಾರೆ ಹೊಂದಿಸುವ ಆಯ್ಕೆಯನ್ನು ತೆಗೆದುಕೊಂಡು, ವೇವ್ ರೂಪದಲ್ಲಿ ಆರು ವಾಹಿನಿಗಳನ್ನು ನಮೂದಿಸಬೇಕು. ಅವುಗಳ ಅನುಕ್ರಮ ಹೀಗೆ: ಮುಂದಿನ ಎಡ, ಮುಂದಿನ ಬಲ, ನಡು, ಕೆಳಸ್ಥಾಯಿ, ಸುತ್ತಲ ಎಡ, ಸುತ್ತಲ ಬಲ. ಕಥೆ ಹೇಳುವ ಕಂಠಕ್ಕೆ ಮೂರನೆಯ ಸ್ಥಾನ; ನಾಲ್ಕನೆಯದನ್ನು ಖಾಲಿ ಬಿಡಬಹುದು. ಹೇಳಿದವರ ಒಪ್ಪಿಗೆಯನ್ನು ಮೊದಲೇ ಪಡೆದು, ಕಡತದ ಹೆಸರಿನಲ್ಲಿ ಊರು ಮತ್ತು ವರ್ಷವನ್ನು ಸೇರಿಸಿಟ್ಟರೆ ಮುಂದಿನ ವರ್ಷದ ಶಿಕ್ಷಕರಿಗೂ ಅದು ದೊರೆಯುತ್ತದೆ.